ಚುಕ್ಕಿ ಗೆರಿ

ಕಾಲಿಗೆ ಪ್ಲಾಸ್ಟರ್. ಆರು ವಾರ ಸಾಲಿ ಇಲ್ಲ.
ಸಮಾಜ ನಾನಽ ಕಲಿಸ್ತೀನಿ ಅಂದೆ,
ಏಳನೇತ್ತಾ ಪಾಸಾದಾಕಿ.

ಮೊಬೈಲಿನ್ಯಾಗ ನಕಾಶೆ ಪುಕ್ಕಟೆ ಸಿಕ್ತು.
ಝೆರಾಕ್ಸಿನವ ಮಾತ್ರ ಎರಡು ರೂಪಾಯಿ ಬಿಡಲಿಲ್ಲ.

ಯಾರೋ ಮಾಸ್ತರು, ಮಾರಿ ಕಾಣಂಗಿಲ್ಲ, ದನಿ ಅಷ್ಟಽ:
“ನೀಲಿ ಗೆರೆ ಎಂದರೆ ವರ್ಷವಿಡೀ ಹರಿಯುವ ನದಿ.
ಚುಕ್ಕಿ ಗೆರೆ ಎಂದರೆ ಕೆಲವು ಕಾಲ ಮಾತ್ರ ಹರಿಯುವುದು.”
ತಡೀರಿ ಅಂತ ನಿಲ್ಲಿಸಿದೆ. ಮತ್ತ ಕೇಳಿದ್ವಿ. ಮತ್ತೊಮ್ಮೆ.
ನಡಕ ನಿಲ್ಲಿಸಿದ್ರ ಸಿಟ್ಟಾಗದ ಮಾಸ್ತರು
ನನಗ ಸಿಕ್ಕಿರಲೇ ಇಲ್ಲ.

ಫಿರ್ದೋಸ್ ಮಲಪ್ರಭಾ ಬರದ್ಲು,
ಕಣಕುಂಬಿಯಿಂದ ಸವದತ್ತಿ ತನಕ,
ನಾಲಿಗಿ ತುದಿ ಹೊರಗ ಹಾಕಿ.
ಆಮ್ಯಾಲ ಕೇಳಿದ್ಲು:
ಅಮ್ಮೀ, ನಮ್ಮ ಓಣಿಗೆ ಹೊಳಿ ಯಾವಾಗ ಬರ್ತೈತಿ?

ಮಂಗಳವಾರ, ರಾತ್ರಿ ಒಂದಕ್ಕ, ಅಂದೆ.
ಎಂಟು ದಿನಕ್ಕೊಮ್ಮೆ.
ವಾಲ್ವ್‌ಮನ್ ಮನಸ್ಸು ಮಾಡಿದ್ರ.

ನಗಲಿಲ್ಲ ಆಕಿ.
ಸವದತ್ತಿಯಿಂದ ಹಳೇ ಹುಬ್ಬಳ್ಳಿಗೆ
ಒಂದೊಂದಽ ಚುಕ್ಕಿ ಇಟ್ಕೋತ ಬಂದ್ಲು.
ಕಮ್ಮಾರ ಓಣಿ ದಾಟಿ, ನನ್ನ ಹೊಲಿಗಿ ಮಷಿನ್ ಸುತ್ತು ಹಾಕಿ
ಹಿತ್ತಲ ಬ್ಯಾರಲ್ಲಿನ ಒಳಗ.

ನಕಾಶೆ ಮೂಲ್ಯಾಗ ಗುರುತುಗಳ ಪಟ್ಟಿ ಇತ್ತು:
ರೈಲು, ಗುಡ್ಡ, ಗಡಿ.
ಕೆಳಗ ಒಂದು ಕೊಡ ಬರದು
ಮುಂದ ಅರ್ಥ ಬರದ್ಲು:
ಅಮ್ಮಿ ಎಚ್ಚರ ಅದಾಳ.