ಬಿಲ ಹುಡುಕುವವನು

ವಾಲ್ ನದಿಯ ಏರಿಯ ಮೇಲೆ ಮೂವತ್ತೊಂದು ವರ್ಷ
ಕಸ್ತೂರಿ ಇಲಿಯ ಬಿಲ ಹುಡುಕಿದವನು ನಾನು.
ಬಿಲದ ಬಾಯಿ ನೀರಿನಡಿ ಇರುತ್ತದೆ, ಕಾಣುವುದಿಲ್ಲ.
ಕಾಣುವುದು ಕಚ್ಚಿ ಬಿಟ್ಟ ಜೊಂಡಿನ ತುಂಡು,
ದಡದಂಚಲ್ಲಿ ಬೊಗಸೆಯಷ್ಟು ಕದಡಿದ ನೀರು,
ಜನವರಿಯಲ್ಲಿ ಮಂಜುಗಡ್ಡೆಯ ಕೆಳಗೆ ಸಾಲಾಗಿ ಸಿಕ್ಕಿಕೊಂಡ ಗುಳ್ಳೆ.
ಅಷ್ಟು ಸಾಕು ನನಗೆ.

ನನ್ನದೇ ಏರಿಯಲ್ಲಿ ಬಿಲ ಬಿದ್ದಾಗ
ಗುಳ್ಳೆ ಕಂಡವಳು ಅಲೈಡಾ.
ಬೆಳಗಿನ ಜಾವ ಬೂಟುಗಳನ್ನು ಫ್ರಿಜ್ಜಿನಲ್ಲಿಟ್ಟು
‘ತಾವು ಯಾರು?’ ಎಂದು ಬಹುವಚನದಲ್ಲಿ ಕೇಳಿದೆನಂತೆ.
ಕುಡಿದಿದ್ದಾನೆಂದು ಬಾಯಿ ಮೂಸಿದಳು. ಇಲ್ಲ.
ಒಂದು ಚಮಚ ಸೇಬಿನ ಪಾಕ ತುಟಿಗಿಟ್ಟಳು.
ಹತ್ತು ನಿಮಿಷಕ್ಕೆ ಗಂಡ ವಾಪಸು ಬಂದ.

ನೈಮೇಗನ್ನಿನ ಆಸ್ಪತ್ರೆಯಲ್ಲಿ ಉಪವಾಸ ಕೂರಿಸಿದರು.
ಎಪ್ಪತ್ತೆರಡು ಗಂಟೆ ಎಂದಿದ್ದರು, ಹತ್ತೊಂಬತ್ತಕ್ಕೇ
ಏಳರ ಮಗ್ಗಿ ತಪ್ಪಿತು.
ರಕ್ತ ನೋಡಿ ಡಾಕ್ಟರ್ ಸ್ಲಾಟ್‌ಮನ್ ಹೇಳಿದರು:
‘ಮೇದೋಜೀರಕದಲ್ಲಿ ಒಂದು ಗಂಟಿದೆ. ಹೊತ್ತುಗೊತ್ತಿಲ್ಲದೆ
ಇನ್ಸುಲಿನ್ ಸುರಿಯುತ್ತಿದೆ.
ಇದೆ ಎಂಬುದು ಖಂಡಿತ. ಎಲ್ಲಿ ಎಂಬುದು ಗೊತ್ತಿಲ್ಲ.’
ನಕ್ಕುಬಿಟ್ಟೆ. ಇದು ನನ್ನ ಕಸುಬಿನ ಮಾತು.

ಸಿ.ಟಿ.ಯಲ್ಲಿ ಬಣ್ಣದ ಮದ್ದು ನರದೊಳಗೆ ಬಿಸಿಯಾಗಿ ಓಡಿತು,
ಉಚ್ಚೆ ಹೊಯ್ದುಕೊಂಡೆನೇನೋ ಅನ್ನಿಸುವ ಬಿಸಿ.
ರಕ್ತ ಉಕ್ಕುವ ಅರೆಗಳಿಗೆ ಗಂಟು ಮಿನುಗಬೇಕಿತ್ತಂತೆ.
ಮಿನುಗಲಿಲ್ಲ.
ಎಂ.ಆರ್.ಐ. ಒಂದು ಗಂಟೆ ತಗಡು ಬಡಿದು ಸುಮ್ಮನಾಯಿತು.
ಗಂಟಲಿನಿಂದ ಕೊಳವೆ ಇಳಿಸಿ, ಜಠರದ ಗೋಡೆಗೆ ಕಿವಿಗೊಟ್ಟು
ಶಬ್ದದಲ್ಲಿ ನೋಡಿದರು.
ಬಾಲದ ಕಡೆ ನೆರಳಿದೆ ಎಂದರೊಬ್ಬರು, ಇಲ್ಲವೆಂದರೊಬ್ಬರು.
ಇಂಥ ಗಂಟುಗಳ ಮೈಮೇಲೆ ಬೀಗಗಳಿರುತ್ತವಂತೆ;
ಮಿಕ್ಕವಕ್ಕೆಲ್ಲ ಕೂರುವ ಕೀಲಿ
ನನ್ನದಕ್ಕೆ ಕೂರಲಿಲ್ಲ.

ಕೊನೆಗೆ ಇನ್ನೊಂದು ಕೀಲಿ, ಅದರ ತುದಿಗೆ ಗ್ಯಾಲಿಯಂ.
ಅರವತ್ತೆಂಟು ನಿಮಿಷಕ್ಕೆ ಅರ್ಧ ಆರಿಹೋಗುವ ದೀಪ.
ಸೀಸದ ಡಬ್ಬಿ ಹಿಡಿದು ಯೊರಿಂಡ ಎಂಬ ಹುಡುಗಿ
ಓಡಿಯೇ ಬಂದಳು.
ಈ ಮದ್ದೂ ಸಕ್ಕರೆ ಇಳಿಸೀತೆಂದು
ಇನ್ನೊಂದು ತೋಳಿಗೆ ಗ್ಲೂಕೋಸು ಚುಚ್ಚಿದ್ದರು.
‘ಹಾರ್ಮೆನ್, ಅಲುಗಾಡಬೇಡಿ.’
ಅಲುಗಾಡದಿರುವುದು ನನಗೆ ಹೇಳಿಕೊಡಬೇಕೆ, ಮಗಳೆ?

ಚಿತ್ರ ತೋರಿಸಿದರು. ಕತ್ತಲ ಹೊಟ್ಟೆಯಲ್ಲಿ
ಎರಡು ಮೂತ್ರಪಿಂಡ ಕೆಂಡವಾಗಿ ಉರಿಯುತ್ತಿದ್ದವು.
ಅವು ಹಾಗೇ, ಬಿಡಿ ಎಂದರು.
ಕರುಳಿನ ಮೊದಲ ತಿರುವಲ್ಲಿ ಒಂದು ಮಸುಕು. ಅದೂ ಮೋಸ.
ಎಡಗಡೆಯ ಕೆಂಡದ ಪಕ್ಕ, ಅದರ ಬೆಳಕಲ್ಲೇ ಅಡಗಿ
ಒಂದು ಚುಕ್ಕೆ.
ಅವರು ಬೆರಳಿಡುವ ಮುಂಚೆಯೇ ಬೆರಳಿಟ್ಟೆ.
ಹನ್ನೊಂದು ಮಿಲಿಮೀಟರ್.

ಬೆಟ್ಟ ಅಗೆದು ಇಲಿ ಹಿಡಿದರೆಂದು ನಗಬೇಡಿ.
ನಮ್ಮ ಸೀಮೆಯಲ್ಲಿ ಬೆಟ್ಟವೇ ಇಲ್ಲ.
ಏರಿ ಒಡೆಯಲು ಇಲಿ ಸಾಕು.

ಆದರೂ ಒಂದು ಮಾತು. ಬಲೆಯಲ್ಲಿ ಸಿಕ್ಕಿದ್ದನ್ನು ಎತ್ತುವಾಗ
ಅದರ ಮುಂಗಾಲು ಮಾತ್ರ ನೋಡುತ್ತಿರಲಿಲ್ಲ ನಾನು,
ಅಷ್ಟು ಕೈಯ ಹಾಗಿರುತ್ತವೆ.
ಮೊನ್ನೆ ಆ ಚುಕ್ಕೆಯನ್ನೂ ಬಹಳ ಹೊತ್ತು ನೋಡಲಾಗಲಿಲ್ಲ.
ಗೊತ್ತಿದ್ದ ಒಂದೇ ಕೆಲಸವನ್ನು
ರಾತ್ರಿಯೂ ನಿಲ್ಲಿಸದೆ ಮಾಡುತ್ತಿತ್ತು, ಅಷ್ಟೆ.

ಆಪರೇಷನ್ ಮಂಗಳವಾರ.
ಅಲೈಡಾ ಇವತ್ತೂ ಮೂರು ಗಂಟೆಗೆ ಅಲಾರಾಂ ಇಟ್ಟಿದ್ದಾಳೆ,
ಬ್ರೆಡ್ಡಿಗೆ ಪಾಕ ಸವರಿ ಮುಚ್ಚಿಟ್ಟಿದ್ದಾಳೆ.
ಬಿಲ ಸಿಕ್ಕಿದೆ ಎಂದರೆ,
‘ಇಲಿ ಇನ್ನೂ ಒಳಗಿದೆಯಲ್ಲ’ ಎಂದು
ದೀಪ ಆರಿಸಿದಳು.