ಬಿಟ್ಟ ಬಿಳಿ

ಅಕ್ಕ ಉರ್ವೆಯ ಮಡಚುಕುರ್ಚಿ ಹೊರುವುದು ನನ್ನ ಕೆಲಸ.
ಬೆಳಗಿನ ಐದಕ್ಕೆ ಹಳೆಯ ವ್ಯಾನು ನಿಲ್ಲಿಸಿ
ಹಲಗೆದಾರಿಯ ಮೇಲೆ ಅವಳು ಮುಂದೆ, ನಾನು ಹಿಂದೆ.
ಒಂದೊಂದು ಹಲಗೆಯೂ ಕಾಲಡಿ ಉಸಿರು ಬಿಟ್ಟು
ನೀರಿಗಿಷ್ಟು ಇಳಿದು ಮತ್ತೆ ಮೇಲೇಳುತ್ತದೆ.
ಎಸ್ಟೋನಿಯಾದ ಈ ಜೌಗು
ನೆಲವೂ ಅಲ್ಲ, ನೀರೂ ಅಲ್ಲ;
ನಂಬಿ ಕಾಲಿಟ್ಟರೆ ಮೊಣಕಾಲು,
ನಂಬದೆ ಇಟ್ಟರೆ ಸೊಂಟ.

ಕುಳ್ಳ ಪೈನ್ ಮರಗಳು. ನೂರು ವರ್ಷವಾದರೂ
ನನ್ನ ಎದೆಮಟ್ಟ. ಅಕ್ಕ ಅವಕ್ಕೆ
'ಏನು ಹಿರಿಯರೇ, ಸೌಖ್ಯವೇ' ಎನ್ನುತ್ತಾಳೆ,
ನಾಲ್ಕು ದಶಕ ಬಸ್ಸು ಓಡಿಸಿದವಳು,
ಟಿಕೆಟ್ಟಿಲ್ಲದವರನ್ನು ಇಳಿಸುತ್ತಿದ್ದ ಅದೇ ದನಿಯಲ್ಲಿ.

ಮೊದಮೊದಲು ಮನೆಯಿಂದ ಬಾಟಲಿ ನೀರು ತರುತ್ತಿದ್ದೆ.
ಬೇಡ, ಎಂದಳು. ಕೊಳದ ಅಂಚಿಗೆ ಮಂಡಿಯೂರಿ
ಉಪ್ಪಿನಕಾಯಿಯ ಖಾಲಿ ಶೀಶೆ ತುಂಬಿಕೊಂಡಳು:
ಕಷಾಯದ ಬಣ್ಣದ ನೀರು,
ಸಾವಿರ ವರ್ಷ ಪಾಚಿ ನೆನೆದ ನೀರು.
"ಇಲ್ಲಿನ ಆಕಾಶಕ್ಕೆ ನಲ್ಲಿಯ ನೀರು ಹಾಕಿದರೆ
ಅದು ಪಟ್ಟಣದ ಆಕಾಶ ಆಗುತ್ತೆ, ಕಲ್ಯು."
ಅದಕ್ಕೇ ಅವಳ ನೀಲಿಯಲ್ಲೆಲ್ಲ
ಒಂದು ತೊಟ್ಟು ಕಂದು ಇದೆ. ನೋಡಿದವರು
ಸಂಜೆಯೇ ಎಂದು ಕೇಳುತ್ತಾರೆ. ಅಲ್ಲ, ಬೆಳಗು.

ಕಾಗದ ಒದ್ದೆ ಮಾಡಿ ಕಾಯುತ್ತಾಳೆ.
ಹೊಳಪು ಆರಬೇಕು, ತಂಪು ಉಳಿದಿರಬೇಕು.
ಬೆರಳಿನ ಬೆನ್ನಿಂದ ಮುಟ್ಟಿ ನೋಡುತ್ತಾಳೆ
ಜ್ವರದ ಮಗುವಿನ ಹಣೆ ಮುಟ್ಟಿದಂತೆ.
ಆಮೇಲೆ ಕುಂಚ ತಾಗಿದ್ದೇ ತಡ
ಮಂಜು ತಾನಾಗಿ ಹರಡಿಕೊಳ್ಳುತ್ತದೆ,
ಎಲ್ಲಿಯವರೆಗೆ ಎಂದು ಅವಳಿಗೂ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೆ ಸಿಟ್ಟೂ ಇಲ್ಲ,
ಬಸ್ಸು ಎರಡು ನಿಮಿಷ ತಡವಾದರೆ
ಊಟ ಬಿಡುತ್ತಿದ್ದವಳಿಗೆ.

ನಾನು ಹೇಳಿಕೊಳ್ಳಬೇಕಾದ್ದು ಬೇರೆ ಇದೆ.
ಹಲಗೆದಾರಿ ಮುಗಿಯುವಲ್ಲಿ, ಆ ಬರ್ಚ್ ಸಾಲಿನಾಚೆ
ಒಂದು ಕಪ್ಪು ಬಯಲಿದೆ. ಅದು ನನ್ನದು.
ಇಪ್ಪತ್ತೊಂಬತ್ತು ವರ್ಷ ಯಂತ್ರದ ಮೇಲೆ ಕೂತು
ಚರಂಡಿ ಕಡಿದೆ, ನೀರು ಬಸಿದೆ,
ಒಣಗಿದ ಪೀಟ್ ಮಣ್ಣನ್ನು ಕೆರೆದು ಕೆರೆದು
ಊರಿನ ಒಲೆಗಳಿಗೆ ಸಾಗಿಸಿದೆ.
ವರ್ಷಕ್ಕೊಂದು ಮಿಲಿಮೀಟರು ಬೆಳೆಯುತ್ತಂತೆ ಅದು.
ಒಂದು ಪಾಳಿಯಲ್ಲಿ ಎಷ್ಟು ಶತಮಾನ ಕೆರೆದೆನೋ,
ಲೆಕ್ಕ ಬೇಡವೆಂದು ಬಿಟ್ಟಿದ್ದೇನೆ.
ಚಳಿಗಾಲದಲ್ಲಿ ಎಲ್ಲರೂ ಬೆಚ್ಚಗಿದ್ದರು. ಅದೂ ಸುಳ್ಳಲ್ಲ.
ಅಕ್ಕನೂ.

ಹೋದ ಸೆಪ್ಟೆಂಬರಿನಲ್ಲಿ ಕೇಳಿಯೇಬಿಟ್ಟೆ:
ಕೊಳದ ಮೇಲಿನ ಆ ಬೆಳಕಿಗೆ ಯಾವ ಬಣ್ಣ ಹಾಕಿದೆ?
ಪೆಟ್ಟಿಗೆ ತೋರಿಸಿದಳು. ಹನ್ನೆರಡು ಗುಳಿ. ಬಿಳಿ ಇಲ್ಲ.
"ಹಾಕಿಲ್ಲವೋ, ಬಿಟ್ಟಿದ್ದೇನೆ.
ಮೊದಲೇ ನೋಡಿ ಬಿಡಬೇಕು. ಒಮ್ಮೆ ತುಂಬಿದರೆ
ಎಷ್ಟು ತೊಳೆದರೂ ವಾಪಸು ಬರಲ್ಲ."
ನನ್ನನ್ನು ನೋಡಿ ಹೇಳಲಿಲ್ಲ. ಕುಂಚ ಕೊಡವುತ್ತಿದ್ದಳು.
ಆದರೂ ನಾನು ಎದ್ದು ಹೋಗಿ
ಕ್ರ್ಯಾನ್‌ಬೆರಿ ಆರಿಸುವವನ ಹಾಗೆ ಬಗ್ಗಿದೆ.
ಕ್ರೌಂಚಗಳು ದಕ್ಷಿಣಕ್ಕೆ ಹೊರಟಿದ್ದವು, ಒಡೆದ ಸಾಲು,
ಒಂದನ್ನೊಂದು ಕೂಗಿ ಕರೆಯುತ್ತ.

ಈಗ ಚರಂಡಿಗಳಿಗೆ ಅಡ್ಡ ಕಟ್ಟುತ್ತಿದ್ದಾರೆ.
ನಕ್ಷೆ ಹಿಡಿದ ಹುಡುಗಿಯೊಬ್ಬಳು ನನ್ನನ್ನೇ ಕೇಳುತ್ತಾಳೆ,
ಎಲ್ಲೆಲ್ಲಿ ಕಡಿದಿದ್ದಿರಿ ತಾತ?
ತೋರಿಸುತ್ತೇನೆ. ಇಲ್ಲಿ. ಇಲ್ಲಿ. ಅಲ್ಲಿ, ಹುಲ್ಲಿನಡಿ.
ಕೈ ಮರೆತಿಲ್ಲ.
ಕಪ್ಪು ಬಯಲಲ್ಲಿ ನೀರು ನಿಲ್ಲತೊಡಗಿದೆ, ಅಂಗೈಯಗಲ.

ನಿನ್ನೆ ಅಕ್ಕ ಬರ್ಚ್ ಸಾಲು ದಾಟಿದಳು, ಮೊದಲ ಸಲ.
ಕುರ್ಚಿ ಇಲ್ಲೇ ಹಾಕು, ಎಂದಳು.
ಇದನ್ನಾ? ಎಂದೆ.
ಇದನ್ನೇ.
ಶೀಶೆ ನನ್ನ ಕೈಗೆ ಕೊಟ್ಟಳು.
ಆ ಹೊಸ ನೀರಿಗೆ ಬಗ್ಗಿದೆ; ತುಂಬುವಷ್ಟು ಇರಲಿಲ್ಲ.
ತಳದಲ್ಲಿ ಎರಡು ಬೆರಳು, ಕದಡಿ ಕಪ್ಪಾದದ್ದು.
"ಸಾಕು," ಎಂದಳು ಬೆಳಕಿಗೆ ಹಿಡಿದು,
"ತಳಕ್ಕೆ ಕೂರಲಿ."
ನಾವೂ ಕೂತೆವು, ಥರ್ಮಾಸಿನ ಒಂದೇ ಮುಚ್ಚಳದಲ್ಲಿ
ಸರದಿಯಂತೆ ಕಾಫಿ ಕುಡಿಯುತ್ತ.