ಐದು ಪ್ರತಿ, ರಟ್ಟು ಬೈಂಡಿಂಗ್

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ
ಹುಳ ಮುಟ್ಟುವುದಿಲ್ಲ. ಬೆನ್ನಿಗೆ ಜೀನ್ಸಿನ ಚೂರು.
ಕೌಲ್ ಬಜಾರಿನ ಹೊಲಿಗೆ ಮಿಷನ್ನುಗಳ ಕೆಳಗೆ
ಬೇಕಾದಷ್ಟು ಬಿದ್ದಿರುತ್ತದೆ, ಪುಕ್ಕಟೆ.
ಹೀಗೆ ಇಪ್ಪತ್ತಾರು ವರ್ಷದಲ್ಲಿ ಎಷ್ಟು ಡಾಕ್ಟರರನ್ನು
ಹೊಲಿದು, ಅಂಚು ಕತ್ತರಿಸಿ ಕಳಿಸಿದ್ದೇನೋ.
ಓದುವುದು ನನ್ನ ಕೆಲಸವಲ್ಲ. ಓದುತ್ತೇನೆ.
ಅಂಟು ಒಣಗಬೇಕಲ್ಲ.

ಮಾಬುನ್ನಿ ತಂದದ್ದು ಮುನ್ನೂರ ಹನ್ನೆರಡು ಪುಟ, ಕನ್ನಡದಲ್ಲಿ.
ಇಂಗ್ಲಿಷಲ್ಲಿ ಬರೀಬಾರದೇನಮ್ಮ, ಅಂದಿದ್ದರಂತೆ ಗೈಡು,
ಇದನ್ನ ಯಾರು ಓದ್ತಾರೆ?
ನಾನು ಓದಿದೆ, ಸರ್.

ನೂರಿಪ್ಪತ್ತು ವರ್ಷದ ಹಿಂದೆ, ಕಡಲಾಚೆಯ ಯುದ್ಧದಲ್ಲಿ ಸಿಕ್ಕಿಬಿದ್ದ
ಬೋಯರ್ ರೈತರನ್ನು ಹಡಗಿಗೆ ತುಂಬಿ, ರೈಲಿಗೆ ತುಂಬಿ
ನಮ್ಮ ಬಳ್ಳಾರಿ ಗುಡ್ಡದ ಆಸುಪಾಸು ಕೂಡಿಹಾಕಿದ್ದರು ಇಂಗ್ಲಿಷರು.
ಗಡ್ಡದ, ಬೈಬಲ್ಲಿನ, ಬಿಸಿಲಿಗೆ ಚರ್ಮ ಸುಲಿದ ಗಂಡಸರು.
ಅವರ ಬಗ್ಗೆ ಅವರದೇ ಆಫ್ರಿಕಾನ್ಸ್ ಭಾಷೆಯಲ್ಲಿ
ಪಂಡಿತರು ಬರೆದ ಲೇಖನಗಳನ್ನು ಕೇಪಿನ ಹೆಸ್ಟರ್ ಎಂಬ
ರಿಟೈರಾದ ಮೇಡಮ್ಮು ಒಂದೊಂದಾಗಿ ಕಳಿಸಿಕೊಟ್ಟರು.
ನಿಘಂಟು ಹಿಡಿದು ಎರಡು ಬೇಸಿಗೆ ಕೂತಳು ಹುಡುಗಿ,
ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು.

ಅಡುಗೆಮನೆ ಭಾಷೆ ಎಂದು ನಗುತ್ತಿದ್ದರಂತೆ ಅದನ್ನು, ಒಂದು ಕಾಲಕ್ಕೆ.
ಕೇಪಿನ ಮದರಸಾಗಳಲ್ಲಿ ಅರಬ್ಬಿ ಅಕ್ಷರದಲ್ಲೂ ಬರೆದರಂತೆ.
ಈ ಪುಟದ ಅಂಚಿಗೆ ಪೆನ್ಸಿಲ್ಲಿನಲ್ಲಿ:
ಅಮ್ಮೀಯ ಹಾಲಿನ ಲೆಕ್ಕದ ಹಾಗೆ.

ಮುಂದೆ ಅದೇ ಭಾಷೆ ಬೆತ್ತ ಹಿಡಿದು ಶಾಲೆಗೆ ಬಂತು.
ಕಪ್ಪು ಮಕ್ಕಳು ಒಲ್ಲೆವೆಂದು ಬೀದಿಗಿಳಿದರು.
ಎಲ್ಲರೂ ಮನೆ ಮುಟ್ಟಲಿಲ್ಲ.
ಈ ಪುಟದ ಅಂಚಿನಲ್ಲಿ ಏನೂ ಇಲ್ಲ.

ಸರೆಲ್ ಎಂಬ ಖೈದಿ ಹೆಂಡತಿಗೆ ಬರೆದ ಕಾಗದ, ಪುಟ ನೂರಾ ನಲವತ್ತು.
ಎಕ್ ಅಂದರೆ ನಾನು. ಮಾಬುನ್ನಿಯ ಮನೆಯಲ್ಲಿ ಎಕ್ ಅಂದರೆ ಒಂದು.
ನೀ ಅಂದರೆ ಇಲ್ಲ. ವಾಕ್ಯದ ನಡುವೆ ಒಂದು ಸಲ, ಕೊನೆಗೆ ಇನ್ನೊಂದು.
ಯಾವಾಗ ಬರುತ್ತೇನೋ ಗೊತ್ತಿಲ್ಲ ಎಂದು ಅವನು ಬರೆದದ್ದು,
ಅವಳು ಗಟ್ಟಿಯಾಗಿ ಓದಿದಾಗ, ನನ್ನ ಅಂಗಡಿಯಲ್ಲಿ
ನೀ, ನೀ, ಎಂದು ಯಾರನ್ನೋ ಕರೆದಂತೆ ಕೇಳಿತು.

ಕಾಟೆಲ್ ಅಂದರೆ ಮಂಚ.
ಕಾಟೆಲನ್ನು ಬಂಡೆಯ ನೆರಳಿಗೆ ಎಳೆದುಕೊಂಡೆ, ಎನ್ನುತ್ತಾನೆ ಸರೆಲ್.
ಅವಳ ಪಕ್ಕದ ಮನೆಯ ಅಂಜಲೈ ಅಜ್ಜಿ,
ಮದ್ರಾಸು ಪಲ್ಟನ್ನಿನ ಹಿಂದೆ ಬಂದ ಮೊದಲಿಯಾರರ ಪೈಕಿ,
ಈಗಲೂ ಕಟ್ಟಿಲ್ ಅನ್ನುತ್ತಾಳೆ.
ಪೋರ್ಚುಗೀಸರ ಹಡಗೇರಿ ಹೋದ ಮಂಚ
ಖೈದಿಯ ಬಾಯಲ್ಲಿ ಕೂತು ವಾಪಸು ಬಂದು
ಅಜ್ಜಿಯ ಕಿಟಕಿಗೆ ಅರ್ಧ ಮೈಲಿ ದೂರದಲ್ಲಿ ಇಳಿದಿತ್ತು.
ಯಾರೂ ಎದುರುಗೊಳ್ಳಲಿಲ್ಲ.

ಐದನೇ ಅಧ್ಯಾಯ ಹೊಲಿಯುವಾಗ ದಾರ ಹರಿಯಿತು.
ಲೇಖನಗಳಲ್ಲಿ ಪ್ರತಿ ಖೈದಿಗೂ ಹೆಸರಿದೆ, ಅವನ ಹೊಲಕ್ಕೆ ಹೆಸರಿದೆ,
ಬಿಟ್ಟುಬಂದ ಕುದುರೆಗೂ ಇದೆ.
ಚರ್ಮದ ಚೀಲದಲ್ಲಿ ದಿನಕ್ಕೆ ನಲವತ್ತು ಸಲ
ಅವರಿಗೆ ನೀರು ಹೊತ್ತವನಿಗೆ ಒಂದೇ ಪದ, ಕೂಲಿ.
ಕೂಲಿ ಇವತ್ತು ತಡವಾಗಿ ಬಂದ. ಕೂಲಿಗೆ ಜ್ವರ.
ಅಡಿಟಿಪ್ಪಣಿ: ನಮ್ಮಲ್ಲಿ ಈ ಪದಕ್ಕೆ
ದುಡಿದದ್ದಕ್ಕೆ ಕೊಡುವ ಹಣ ಎಂದು ಅರ್ಥ.
ಹೋಗುವಾಗ ಹಣವಾಗಿದ್ದದ್ದು
ಮರಳುವಾಗ ಮನುಷ್ಯನಾಗಿ, ಬೈಗುಳವಾಗಿ ಬಂದಿದೆ.
ಅದರ ಕೆಳಗೆ ಇನ್ನೂ ಚಿಕ್ಕ ಅಕ್ಷರದಲ್ಲಿ:
ನನ್ನ ಮುತ್ತಜ್ಜನ ಅಪ್ಪ ಭಿಸ್ತಿ. ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೆಸ್ಟರ್ ಬಾಯಿಗೂ ಒಂದು ಪ್ರತಿ ಹೋಗುತ್ತದಂತೆ.
ಅವರಿಗೆ ಕನ್ನಡ ಬರ್ತದಾ?
ನನಗೂ ಅವರದು ಬರ್ತಿರಲಿಲ್ಲಲ್ಲ, ಅಂದಳು.

ಬೆನ್ನಿಗೆ ಬಂಗಾರದ ಅಕ್ಷರ ಒತ್ತಿ ಐದನ್ನೂ ಪೇರಿಸಿದೆ.
ಎಷ್ಟಾಯ್ತು ಎರ್ರಿಸ್ವಾಮಣ್ಣ, ಎಂದು ಪರ್ಸು ತೆಗೆದಳು.
ರಟ್ಟಿಗಿಷ್ಟು, ಬಂಗಾರದ ಹಾಳೆಗಿಷ್ಟು, ಬಟ್ಟೆ ಪುಕ್ಕಟೆ ಅಂದೆ.
ಮತ್ತೆ ನಿಮ್ಮದು?
ದಿನಕ್ಕೆ ಹತ್ತು ಸಲ ಆಡುವ ಪದ.
ಅಂಟು ಹತ್ತಿದ ಬೆರಳು ಒರೆಸಿಕೊಳ್ಳುತ್ತ ನಿಂತೆ.